ಅಜ್ಜನ ಬಂದೂಕಿನ ನಳಿಗೆಯಲ್ಲಿ ರೈಫ್ಲಿಂಗ್ ಕೊರೆಸಬಹುದೇ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅಮೆರಿಕದ ಕುಶಲಕರ್ಮಿಯೊಬ್ಬರು ಬೇಟೆಗಾರನ ಅಳತೆಗೆ ತಕ್ಕಂತೆ ಹೊಸದಾಗಿ ಮಾಡಿಕೊಟ್ಟ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ರೈಫಲ್‌ನ ವಿಡಿಯೋ ನೋಡಿದ್ದೀರಿ. ಈ ಕಾಲದಲ್ಲಿ ಅಂಥದ್ದಕ್ಕೆ ಜನ ಏಕೆ ಮುಗಿಬೀಳುತ್ತಾರೆ ಎಂಬುದು ಒಂದು ಪ್ರಶ್ನೆ. ಶಿರಹಟ್ಟಿ ಹತ್ತಿರದ ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಬೆಳೆ ರಕ್ಷಣೆಯ ಬಂದೂಕು ಇದೆ. ಹುಬ್ಬಳ್ಳಿಯ ಲೇಥ್‌ನವರ ಬಳಿ ಅದರ ನಳಿಗೆಗೆ ರೈಫ್ಲಿಂಗ್, ಅಂದರೆ ಒಳಗೋಡೆಯಲ್ಲಿ ತಿರುಪಿನ ಗೀರು, ಕೊರೆಸಿದರೆ ಅದೂ ಹಾಗೆಯೇ ಗುರಿ ಹಿಡಿಯುತ್ತದೆಯೇ ಎಂಬುದು ಇನ್ನೊಂದು.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಕೊರೆಸಬೇಡಿ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೇಥ್ ಮುಂದೆ ನಿಂತು ದುಡಿಯುತ್ತಿರುವವನು ನಾನು. ಇದೇ ಕೆಲಸ ಹಿಡಿದುಕೊಂಡು ನನ್ನ ಬಳಿಗೂ ಒಬ್ಬರು ಬಂದಿದ್ದರು. ಗೋಣಿಚೀಲದಲ್ಲಿ ಸುತ್ತಿದ್ದ ನಳಿಗೆಯನ್ನು ಬಿಚ್ಚಲು ಬಿಡದೆ ವಾಪಸು ಕಳಿಸಿದೆ. ಕೇಸಿನ ಭಯ ಇತ್ತು, ನಿಜ. ಆದರೆ ಕಾನೂನು ಅಡ್ಡ ಬರದಿದ್ದರೂ ನಾನು ಆ ಕೆಲಸವನ್ನು ಮುಟ್ಟುತ್ತಿರಲಿಲ್ಲ. ಏಕೆಂಬುದು ತಿಳಿಯಬೇಕಾದರೆ ನಿಮ್ಮ ಮೊದಲ ಪ್ರಶ್ನೆಗೇ ಬರಬೇಕು.

ಆ ವಿಡಿಯೋದಲ್ಲಿ ಎಲ್ಲರ ಕಣ್ಣು ಮೇಪಲ್ ಮರದ ಹಿಡಿಯ ಮೇಲೆ ಇರುತ್ತದೆ. ಹುಲಿಪಟ್ಟೆಯಂತೆ ಮಿನುಗುವ ಆ ಮರ ಚೆಲುವಾದದ್ದೇ, ಅದನ್ನು ಕೆತ್ತಿ ಭುಜಕ್ಕೆ ಒಗ್ಗಿಸಲು ಎಷ್ಟೋ ತಾಸು ಬೇಕು. ಆದರೆ ಕಬ್ಬಿಣದ ಕೆಲಸ ಮಾಡುವ ನನಗೆ ನಳಿಗೆಯೇ ಮುಖ್ಯ. ಒಳ್ಳೆಯ ನಳಿಗೆ ಬುಡದಲ್ಲಿ ದಪ್ಪಗಿದ್ದು, ನಡುವೆ ಸೊಂಟದಂತೆ ಸಣ್ಣದಾಗಿ, ಬಾಯಿಯ ಬಳಿ ಮತ್ತೆ ತುಸು ಅಗಲವಾಗುತ್ತದೆ. ಮದ್ದು ಉರಿದಾಗ ಒತ್ತಡ ಅತಿ ಹೆಚ್ಚು ಬೀಳುವುದು ಬುಡದಲ್ಲಿ, ಆದ್ದರಿಂದ ಅಲ್ಲಿ ಉಕ್ಕು ಹೆಚ್ಚು. ನಡುವಿನ ಭಾರ ಇಳಿದದ್ದರಿಂದ 42 ಇಂಚಿನ ನಳಿಗೆಯೂ ಕೈಯಲ್ಲಿ ತೂಗಿ ನಿಲ್ಲುತ್ತದೆ.

ಇನ್ನು ಒಳಭಾಗ. .54 ಬೋರ್ ಎಂದರೆ ನಳಿಗೆಯ ಒಳವ್ಯಾಸ .54 ಇಂಚು, ಅಂದರೆ 13.7 ಮಿಲಿಮೀಟರ್. ಅದಕ್ಕೆ ಹಾಕುವ ಮೆದು ಸೀಸದ ಗುಂಡು 13.5 ಮಿಲಿಮೀಟರ್, ತೂಕ ಸುಮಾರು ಹದಿನಾಲ್ಕೂವರೆ ಗ್ರಾಂ. ಗುಂಡು ನಳಿಗೆಗಿಂತ ಸಣ್ಣದು ಎಂಬುದನ್ನು ಗಮನಿಸಿ. ಜಿಡ್ಡು ಸವರಿದ ದಪ್ಪ ಬಟ್ಟೆಯ ತುಂಡೊಂದನ್ನು ಸುತ್ತಿ ಅದನ್ನು ಗಜ ಎಂಬ ಉದ್ದನೆಯ ಕೋಲಿನಿಂದ ಒಳಕ್ಕೆ ಇಳಿಸುತ್ತಾರೆ. ನಳಿಗೆಯೊಳಗಿನ ತಿರುಪಿನ ಗೀರುಗಳನ್ನು ಹಿಡಿಯುವುದು ಈ ಬಟ್ಟೆಯೇ. ಸೀಸ ಉಕ್ಕಿಗೆ ತಾಗುವುದಿಲ್ಲ. ಬಟ್ಟೆ ತಿರುಗುತ್ತದೆ, ತನ್ನೊಂದಿಗೆ ಗುಂಡನ್ನೂ ತಿರುಗಿಸುತ್ತದೆ, ಬಾಯಿ ದಾಟಿದ ಮೇಲೆ ಕಳಚಿ ಬೀಳುತ್ತದೆ. ಇಷ್ಟು ಸರಳವಾದ, ಇಷ್ಟು ನಿಖರವಾದ ಜೋಡಣೆಯನ್ನು ನನ್ನ ವೃತ್ತಿಯಲ್ಲಿ ನಾನು ಇನ್ನೊಂದು ಕಂಡಿಲ್ಲ. ಇದನ್ನು ಮೊದಲ ಬಾರಿ ತಿಳಿದುಕೊಂಡ ದಿನ ರಾತ್ರಿ ನಿದ್ದೆ ಬರಲಿಲ್ಲ.

ತಿರುಪು ಎಷ್ಟಿರಬೇಕು ಎಂಬುದು ಮುಂದಿನ ಮಾತು. ಉರುಟು ಗುಂಡಿಗೆ ಬಹಳ ನಿಧಾನವಾದ ತಿರುಪು ಸಾಕು: ಸುಮಾರು 170 ಸೆಂಟಿಮೀಟರ್‌ಗೆ ಒಂದು ಸುತ್ತು. ನಳಿಗೆಯ ಉದ್ದವೇ 107 ಸೆಂಟಿಮೀಟರ್. ಅಂದರೆ ಗುಂಡು ಒಂದು ಪೂರ್ತಿ ಸುತ್ತು ಹಾಕುವ ಮೊದಲೇ ಹೊರಗೆ ಬಂದಿರುತ್ತದೆ! ತಿರುಪನ್ನು ಬಿಗಿ ಮಾಡಿ ಮದ್ದು ಹೆಚ್ಚಿಸಿದರೆ ಬಟ್ಟೆ ಗೀರಿನಿಂದ ಜಾರುತ್ತದೆ, ಗುರಿ ಚದುರುತ್ತದೆ. ಉದ್ದನೆಯ ಮೊನೆಗುಂಡಿಗಾದರೆ ಇದರ ತದ್ವಿರುದ್ಧ. ನೀಳವಾದ ಬುಗರಿ ಜೋರಾಗಿ ತಿರುಗಿದರೆ ಮಾತ್ರ ನಿಲ್ಲುವಂತೆ, ಅದಕ್ಕೆ 71 ಸೆಂಟಿಮೀಟರ್‌ಗೇ ಒಂದು ಸುತ್ತು ಬೇಕಾಗುತ್ತದೆ. ಗುಂಡು, ಬಟ್ಟೆ, ಮದ್ದು, ತಿರುಪು ನಾಲ್ಕೂ ಒಂದಕ್ಕೊಂದು ಒಪ್ಪಬೇಕು. ಹೇಳಿ ಮಾಡಿಸಿದ ರೈಫಲ್‌ಗೆ ಅಷ್ಟು ಹಣ ಕೊಡುವುದು ಈ ಒಪ್ಪಂದಕ್ಕಾಗಿ.

ಅಲ್ಲಿನ ಹವ್ಯಾಸಿಗಳ ದೊಡ್ಡ ಜಗಳ ಬೇರೆಯೇ ಇದೆ. ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತುವ ಹಳೆಯ ಮಾದರಿಯೇ ಸರಿ ಎನ್ನುವವರು ಒಂದು ಕಡೆ. ಪೆಟ್ಟು ಬಿದ್ದರೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಕೇಪನ್ನು ನಳಿಗೆಯ ಹಿಂಬದಿಗೆ ನೇರವಾಗಿ ಕೂರಿಸಿ ದುರ್ಬೀನು ಜೋಡಿಸುವ ಹೊಸ ಮಾದರಿಯವರು ಇನ್ನೊಂದು ಕಡೆ. ಎರಡನೆಯದು ಜನಪ್ರಿಯವಾದದ್ದು 1985ರಲ್ಲಿ ಟೋನಿ ನೈಟ್ ಎಂಬುವರು ತಂದ ಎಂಕೆ-85 ಎಂಬ ರೈಫಲ್‌ನಿಂದ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಾಯಿಯಿಂದ ತುಂಬುವ ಬಂದೂಕಿನವರಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ಋತು ಇದೆ. ಪೆನ್ಸಿಲ್ವೇನಿಯಾದಲ್ಲಿ ಚಳಿಗಾಲದ ಒಂದು ಋತು ಚಕಮಕಿ ಬಂದೂಕಿಗೆ ಮಾತ್ರ ಮೀಸಲು. ನಾನು ಹಳಬರ ಪಕ್ಷ. ಇರುವುದು ಒಂದೇ ಈಡು. ಅದು ತಪ್ಪಿದರೆ ಮತ್ತೆ ಮದ್ದು, ಬಟ್ಟೆ, ಗುಂಡು, ಗಜ. ಉರುಟು ಗುಂಡಿನ ವೇಗ ಬೇಗ ಇಳಿಯುವುದರಿಂದ ತಿಳಿದವರು ಸುಮಾರು ತೊಂಬತ್ತು ಮೀಟರ್ ಮೀರಿ ಹೊಡೆಯುವುದಿಲ್ಲ. ಆದ್ದರಿಂದ ಪ್ರಾಣಿಯ ಹತ್ತಿರಕ್ಕೆ ಹೋಗಬೇಕು, ಗಾಳಿ ನೋಡಬೇಕು, ಬಹಳ ಸಲ ಹೊಡೆಯದೆ ಮರಳಬೇಕು. ದುರ್ಬೀನು ಹಾಕಿ ದೂರದಿಂದ ಹೊಡೆಯುವುದಾದರೆ ಪ್ರತ್ಯೇಕ ಋತುವನ್ನು ಕೇಳಿ ಪಡೆದದ್ದಾದರೂ ಏತಕ್ಕೆ?

ಕೇಪಿನ ಹಿಂದೆಯೂ ಒಂದು ಬೇಟೆಯ ಕತೆ ಇದೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್ ಹಕ್ಕಿ ಹೊಡೆಯಲು ಹೋದಾಗಲೆಲ್ಲ ಚಕಮಕಿ ಬಂದೂಕಿನ ಬಟ್ಟಲಿನ ಮದ್ದು ಭಗ್ಗೆಂದು ಹೊತ್ತಿದ ಕೂಡಲೇ, ಗುಂಡು ಹೊರಡುವ ಮುನ್ನವೇ, ಹಕ್ಕಿ ಎಚ್ಚತ್ತು ಹಾರಿಬಿಡುತ್ತಿತ್ತು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಬಳಸಿ ಅವರು 1807ರಲ್ಲಿ ಪೇಟೆಂಟ್ ಪಡೆದರು. ನಿಮ್ಮ ಅಜ್ಜನ ಬಂದೂಕಿನ ಕೇಪು ಆ ವಂಶದ್ದು.

ಈಗ ಆ ಬಂದೂಕಿಗೆ ಬರೋಣ. ಪರವಾನಗಿ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿರುತ್ತದೆ: ಒಂಟಿ ನಳಿಗೆ, ಬಾಯಿಯಿಂದ ತುಂಬುವುದು. ಒಳಗೆ ನುಣುಪು. ಅದರ ಗೋಡೆಯ ದಪ್ಪ ನುಣುಪು ನಳಿಗೆಗೆ ಲೆಕ್ಕ ಹಾಕಿದ್ದು. ಅದರಲ್ಲಿ ಕಾಲು ಮಿಲಿಮೀಟರ್ ಆಳದ ಗೀರು ಕೊರೆದರೆ ಗೋಡೆ ಅಷ್ಟು ತೆಳುವಾಗುವುದಷ್ಟೇ ಅಲ್ಲ, ಪ್ರತಿ ಗೀರಿನ ಮೂಲೆಯೂ ಬಿರುಕು ಹುಟ್ಟುವ ಜಾಗವಾಗುತ್ತದೆ. ಅದರ ಮೇಲೆ ಬಿಗಿಯಾದ ಗುಂಡು ಕೂರಿಸಿದರೆ ಒತ್ತಡವೂ ಏರುತ್ತದೆ. ಹಳೆಯ ನಳಿಗೆ ಯಾವ ಉಕ್ಕಿನದು, ಬೆಸುಗೆ ಎಲ್ಲಿದೆ, ಒಳಗೆ ತುಕ್ಕು ಎಷ್ಟು ತಿಂದಿದೆ ಎಂಬುದು ಲೇಥ್‌ಗೆ ಕಾಣುವುದಿಲ್ಲ. ನಳಿಗೆ ಒಡೆದರೆ ಅದರ ಮೇಲೆ ಇರುವುದು ನಿಮ್ಮ ಎಡಗೈ, ಹಿಂದೆ ಇರುವುದು ಕಣ್ಣು.

ಕಾನೂನನ್ನು ಚಿಕ್ಕದಾಗಿ ಹೇಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಇಂಥ ಬಂದೂಕಿನ ಪರವಾನಗಿ ಕೊಡುವ ಮಾತನ್ನು ಹೇಳುತ್ತದೆ. ಅದೇ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಇಲ್ಲದ ಲೇಥ್‌ನವರು ಬಂದೂಕನ್ನು ತಯಾರಿಸುವುದಿರಲಿ, ಮಾರ್ಪಡಿಸುವಂತೆಯೂ ಇಲ್ಲ, ದುರಸ್ತಿ ಮಾಡುವಂತೆಯೂ ಇಲ್ಲ. 2019ರ ತಿದ್ದುಪಡಿಯ ನಂತರ ಈ ತಪ್ಪಿಗೆ ಏಳು ವರ್ಷಕ್ಕೆ ಕಡಿಮೆ ಇಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆ ಇದೆ. ಅಜ್ಜ ತೀರಿಕೊಂಡಿದ್ದರೆ ಪರವಾನಗಿ ನಿಮ್ಮ ಮನೆಯ ಒಬ್ಬರ ಹೆಸರಿಗೆ ಆಗಿದೆಯೇ ಎಂದು ಇಂದೇ ನೋಡಿ. ಆಗಿಲ್ಲದಿದ್ದರೆ ಬಂದೂಕು ಠಾಣೆಯಲ್ಲಿಯೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇರಬೇಕು. ಬೇಟೆಯ ಆಸೆಯನ್ನಂತೂ ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆ ನಮ್ಮ ಹೊಲದ ಚಿಗರಿಗೂ ಅನ್ವಯಿಸುತ್ತದೆ, ಶೇಂಗಾ ಅಗೆದು ಹಾಕುವ ಹಂದಿಗೂ ಅನ್ವಯಿಸುತ್ತದೆ. ಹಂದಿಯ ಕಾಟ ಮಿತಿ ಮೀರಿದರೂ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ನಿಮ್ಮ ಪಕ್ಕದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ ಎಂಬುದು ನಿಮಗೆ ಗೊತ್ತೇ ಇದೆ.

ನಮ್ಮ ಮೂಲ ಊರು ಕಲಘಟಗಿ ತಾಲ್ಲೂಕಿನಲ್ಲಿ. ಕಾಡಿನ ಅಂಚಿನ ಹೊಲ, ಗೋವಿನಜೋಳ ಹಾಲುಗಾಳಿಗೆ ಬಂದಾಗ ಹಂದಿಗಳ ಹಿಂಡು ಇಳಿಯುತ್ತದೆ. ನಮ್ಮ ಬಂದೂಕು ಇದುವರೆಗೆ ಒಂದು ಪ್ರಾಣಿಯನ್ನೂ ಕೊಂದಿಲ್ಲ. ಮದ್ದು ಮತ್ತು ಬಟ್ಟೆ ತುಂಬಿ ಸದ್ದು ಮಾಡಿಸುವುದಷ್ಟೇ ಅದರ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ರಾತ್ರಿ ಕಾಕಾ ಈಡು ತುಂಬಿದ್ದರು, ಹಂದಿ ಬರಲಿಲ್ಲ, ಬಂದೂಕನ್ನು ಗೂಟಕ್ಕೆ ಹಾಕಿ ಮಲಗಿದರು. ಮರುದಿನ ಸಂಜೆ ಅಪ್ಪ ಅದು ಖಾಲಿ ಎಂದುಕೊಂಡು ಮತ್ತೊಂದು ಈಡು ತುಂಬಿದರು. ಕೇಪು ಏರಿಸುವ ಮೊದಲು ಅಜ್ಜ ಕೈ ತಡೆದು ಬಂದೂಕನ್ನು ಇಸಿದುಕೊಂಡು ಒಳಗೆ ಗಜ ಬಿಟ್ಟರು. ಅವರ ಗಜದ ಮೇಲೆ ಎರಡು ಗೀರುಗಳಿದ್ದವು. ನಳಿಗೆ ಖಾಲಿ ಇದ್ದರೆ ಮೊದಲನೆಯದು ಬಾಯಿಯ ಅಂಚಿಗೆ ಸರಿಯಾಗಿ ಕೂರುತ್ತಿತ್ತು, ಒಂದು ಈಡು ಇದ್ದರೆ ಎರಡನೆಯದು. ಅಂದು ಎರಡನೆಯ ಗೀರೂ ಅಂಚಿನಿಂದ ಮೂರು ಬೆರಳು ಮೇಲೆಯೇ ನಿಂತಿತು. ಅಪ್ಪನ ಮುಖ ಬಿಳಿಚಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅಜ್ಜ ಯಾರನ್ನೂ ಬೈಯಲಿಲ್ಲ. ಮದ್ದಿಗೆ ನೀರು ಬಿಟ್ಟು ನೆನೆಸಿ, ಗಜದ ತುದಿಗೆ ಸ್ಕ್ರೂ ಹಾಕಿ, ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಹೊರಗೆ ಎಳೆದರು.

ಅವರ ಇನ್ನೊಂದು ನಿಯಮ ಬಿಸಿನೀರು. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಒಂದೇ ರಾತ್ರಿಯಲ್ಲಿ ತುಕ್ಕು ಎಬ್ಬಿಸುತ್ತದೆ. ಈಡು ಹೊಡೆದ ದಿನವೇ ಸಾಬೂನಿನ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರದೆ ಅವರು ಊಟಕ್ಕೆ ಕೂರುತ್ತಿರಲಿಲ್ಲ. ತೋಟಾದೊಳಗಿನ ಹೊಗೆಯಿಲ್ಲದ ಮದ್ದನ್ನು ಇಂಥ ಬಂದೂಕಿಗೆ ಯಾರಾದರೂ ಹಾಕಲು ಹೇಳಿದರೆ ಅವರ ಮಾತು ಕೇಳಬೇಡಿ, ನಳಿಗೆ ಸಿಡಿಯುತ್ತದೆ.

ಪರವಾನಗಿ ಸರಿ ಇದ್ದರೆ ಬಂದೂಕನ್ನು ಪರವಾನಗಿ ಇರುವ ಬಂದೂಕು ವ್ಯಾಪಾರಿಗೆ ಒಮ್ಮೆ ತೋರಿಸಿ, ನಳಿಗೆ ಇನ್ನೂ ಈಡು ತಾಳುತ್ತದೆಯೇ ಎಂದು ಕೇಳಿ. ತಾಳುವುದಿಲ್ಲ ಎಂದರೆ ಅದಕ್ಕೆ ಮತ್ತೆ ಮದ್ದು ತೋರಿಸಬೇಡಿ. ಅದಕ್ಕೂ ಮೊದಲು ಕೇಪು ಇಲ್ಲವೆಂದು ನೋಡಿಕೊಂಡು ಅದರ ಗಜವನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ನಿಮ್ಮ ಅಜ್ಜನೂ ಅದರ ಮೇಲೆ ಗೀರು ಹಾಕಿರಬಹುದು. ಇದ್ದರೆ ಎಷ್ಟಿವೆ, ಯಾವ ಅಂತರದಲ್ಲಿವೆ ಎಂದು ಬರೆಯಿರಿ. ಯಾವುದು ಖಾಲಿಯದು, ಯಾವುದು ಈಡಿನದು ಎಂದು ಕೂಡಿ ಲೆಕ್ಕ ಹಾಕೋಣ.