ಪ್ರಶ್ನೋತ್ತರ: ಮಾದರಿ ಇಂಜಿನ್ ಕುಂಟದೆ ಓಡಬೇಕಾದರೆ

ಈ ಸಲ ಆರಿಸಿದ ಪ್ರಶ್ನೆಗಳೆಲ್ಲ ಎಚ್‌ಒ ಅಳತೆಯ ಮಾದರಿ ರೈಲು ಇಂಜಿನ್‌ಗಳಿಗೆ ಸೇರಿದವು. ಎಂದರೆ ಅಸಲು ಇಂಜಿನ್‌ನ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಬೇರೆ ಅಳತೆಯಲ್ಲಿ ಕೆಲಸ ಮಾಡುವವರು ಮಿಲಿಮೀಟರ್ ಲೆಕ್ಕ ಬದಲಿಸಿಕೊಂಡರೆ ಸಾಕು. ದೋಷಕ್ಕೆ ಕಾರಣ ಎಲ್ಲ ಅಳತೆಯಲ್ಲೂ ಒಂದೇ.

ಪ್ರಶ್ನೆ: ಹಿತ್ತಾಳೆ ಕಿಟ್‌ನಿಂದ ಆರು ಚಕ್ರದ ಉಗಿ ಇಂಜಿನ್ ಕಟ್ಟಿದ್ದೇನೆ. ಜೋರಾಗಿ ಓಡಿಸಿದರೆ ತೊಂದರೆಯಿಲ್ಲ. ನಿಧಾನಕ್ಕೆ ಬಿಟ್ಟರೆ ಕುಂಟುತ್ತದೆ, ಒಮ್ಮೊಮ್ಮೆ ನಿಂತೇಬಿಡುತ್ತದೆ. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್‌ಗಳ ತೂತುಗಳನ್ನು ದೊಡ್ಡದು ಮಾಡಲೇ?

ಉತ್ತರ: ಈಗಲೇ ಬೇಡ. ಎಲ್ಲ ತೂತುಗಳನ್ನೂ ದೊಡ್ಡದು ಮಾಡಿದರೆ ಕುಂಟು ಕಡಿಮೆಯಾದಂತೆ ಕಾಣುತ್ತದೆ, ಆದರೆ ದೋಷ ಇದ್ದಲ್ಲೇ ಇರುತ್ತದೆ. ಮೇಲಾಗಿ ರಾಡ್‌ಗಳು ಗಡಗಡ ಅಲ್ಲಾಡತೊಡಗುತ್ತವೆ. ಒಮ್ಮೆ ಹಿಗ್ಗಿಸಿದ ತೂತನ್ನು ಕುಗ್ಗಿಸಲು ಆಗುವುದಿಲ್ಲ, ಒಳಗೆ ಬುಷ್ (ಪುಟ್ಟ ಕೊಳವೆ) ಕೂರಿಸಬೇಕಾಗುತ್ತದೆ.

ಮೊದಲು ಎಣಿಸಿ. ಒಂದು ಚಕ್ರದ ಅಂಚಿಗೆ ಬಿಳಿ ಚುಕ್ಕಿ ಇಟ್ಟು, ಆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಇಂಜಿನ್ ಎಷ್ಟು ಸಲ ತಡೆಯುತ್ತದೆ ನೋಡಿ. ಒಂದೇ ಸಲ ತಡೆದರೆ ಮೊದಲ ಅನುಮಾನ ಗೇರ್ ಮೇಲೆ ಬೀಳಬೇಕು. ಚಕ್ರದ ಅಚ್ಚಿನ (ಆಕ್ಸಲ್) ಮೇಲಿನ ಗೇರ್ ನಡುಬಿಂದು ತಪ್ಪಿ ಕೂತಿರಬಹುದು, ಪ್ಲಾಸ್ಟಿಕ್‌ನದಾದರೆ ಸೀಳಿರಬಹುದು. ಸೀಳಿದ ಗೇರ್‌ನಲ್ಲಿ ಎರಡು ಹಲ್ಲುಗಳ ನಡುವಿನ ಸಂದು ಅಗಲವಾಗಿ, ಸುತ್ತಿಗೊಮ್ಮೆ ಟಕ್ ಎಂದು ಸದ್ದು ಬರುತ್ತದೆ. ಅಂಟು ಹಾಕಿದರೆ ಅದು ನಿಲ್ಲುವುದಿಲ್ಲ, ಗೇರನ್ನೇ ಬದಲಿಸಬೇಕು. ಒಂದು ಸುತ್ತಿನಲ್ಲಿ ಎರಡು ಅಥವಾ ನಾಲ್ಕು ಸಲ ತಡೆದರೆ ಮಾತ್ರ ರಾಡ್‌ಗಳ ಕಡೆ ಹೋಗಿ.

ಈಗ ಮೋಟರ್, ವರ್ಮ್ (ಗೇರನ್ನು ತಿರುಗಿಸುವ ಸ್ಕ್ರೂ ಆಕಾರದ ಹಲ್ಲು), ಬಾಡಿ ಎಲ್ಲ ಬಿಚ್ಚಿಡಿ. ರಾಡ್‌ಗಳನ್ನೂ ತೆಗೆದು ಬರಿಯ ಚಾಸಿಯನ್ನು ಸ್ವಲ್ಪ ವಾಲಿಸಿದ ಗಾಜಿನ ಹಲಗೆಯ ಮೇಲೆ ಇಡಿ. ಅದು ತಾನಾಗಿ ಉರುಳಬೇಕು. ಉರುಳದಿದ್ದರೆ ಬೇರಿಂಗ್‌ಗಳು ಒಂದು ಗೆರೆಯಲ್ಲಿಲ್ಲ, ಅಥವಾ ಅವುಗಳೊಳಗೆ ಬೆಸುಗೆಯ ಕಣ ಇಲ್ಲವೇ ಬೆಸೆಯುವಾಗ ಹಚ್ಚಿದ ಫ್ಲಕ್ಸ್ ಸೇರಿಕೊಂಡಿದೆ. ಇದು ಸರಿಯಾಗುವ ತನಕ ಮುಂದಿನ ಹೆಜ್ಜೆ ಇಡಬೇಡಿ.

ಆಮೇಲೆ ಎಡಬದಿಯ ರಾಡ್ ಒಂದನ್ನೇ ಹಾಕಿ ಉರುಳಿಸಿ. ಅದನ್ನು ತೆಗೆದು ಬಲಬದಿಯದನ್ನು ಹಾಕಿ ಉರುಳಿಸಿ. ಕೊನೆಗೆ ಎರಡನ್ನೂ ಹಾಕಿ. ಒಂದೇ ಬದಿಯ ರಾಡ್ ಇದ್ದಾಗಲೂ ಬಿಗಿಯಾದರೆ, ಆ ರಾಡ್‌ನ ತೂತುಗಳ ನಡುವಿನ ಅಂತರಕ್ಕೂ ಅಚ್ಚುಗಳ ನಡುವಿನ ಅಂತರಕ್ಕೂ ತಾಳೆಯಾಗಿಲ್ಲ, ಇಲ್ಲವೇ ಕ್ರ್ಯಾಂಕ್ ಪಿನ್ (ಚಕ್ರದಲ್ಲಿ ರಾಡ್ ಸಿಕ್ಕಿಸುವ ಪಿನ್) ವಾಲಿದೆ. ಬಿಡಿಬಿಡಿಯಾಗಿ ಸಲೀಸಾಗಿ ಉರುಳಿ, ಎರಡೂ ಸೇರಿದಾಗ ಮಾತ್ರ ಹಿಡಿದರೆ ದೋಷ ಕ್ವಾರ್ಟರಿಂಗ್‌ನದು. ಎಂದರೆ ಎಡ ಮತ್ತು ಬಲ ಚಕ್ರಗಳ ಕ್ರ್ಯಾಂಕ್ ಪಿನ್‌ಗಳ ನಡುವಿನ ಕೋನ ಒಂದು ಅಚ್ಚಿನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಇದೆ.

ಇದಕ್ಕೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ. ರಾಡ್ ಅಂತರ ತಪ್ಪಿದ್ದರೆ, ಆ ಬದಿಯ ಪಿನ್‌ಗಳು ತೀರಾ ಮುಂದೆ ಅಥವಾ ತೀರಾ ಹಿಂದೆ, ಅಚ್ಚಿನ ಮಟ್ಟಕ್ಕೆ ಬಂದಾಗ ಬಿಗಿಯಾಗುತ್ತದೆ. ಕ್ವಾರ್ಟರಿಂಗ್ ತಪ್ಪಿದ್ದರೆ ಪಿನ್‌ಗಳು ಮೂಲೆಗಳಲ್ಲಿ, ಗಡಿಯಾರದ ಮುಳ್ಳು ಒಂದೂವರೆ, ನಾಲ್ಕೂವರೆ ತೋರಿಸುವ ಕಡೆ ಇದ್ದಾಗ ಬಿಗಿ. ಚಾಸಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ, ಹಿಡಿದ ಜಾಗದಲ್ಲೇ ನಿಲ್ಲಿಸಿ ನೋಡಿದರೆ ಕಣ್ಣಿಗೇ ಗೊತ್ತಾಗುತ್ತದೆ.

ಕ್ವಾರ್ಟರಿಂಗ್ ತಿದ್ದುವಾಗ ಗೇರ್ ಇರುವ ಅಚ್ಚನ್ನು ಮುಟ್ಟಬೇಡಿ. ಅದನ್ನೇ ಆಧಾರವಾಗಿಟ್ಟುಕೊಂಡು, ಪಕ್ಕದ ಅಚ್ಚಿನ ಒಂದು ಚಕ್ರವನ್ನು ಮಾತ್ರ ಕೂದಲೆಳೆಯಷ್ಟು ತಿರುಗಿಸಿ ಹೊಂದಿಸಿ. ಆ ಜೋಡಿ ಸರಿಯಾದ ಮೇಲೆ ಮೂರನೆಯ ಅಚ್ಚು. ಕೋನ ಕರಾರುವಾಕ್ಕಾಗಿ 90 ಡಿಗ್ರಿ ಇರಲೇಬೇಕೆಂದಿಲ್ಲ. ಮೂರೂ ಅಚ್ಚುಗಳಲ್ಲಿ 88 ಇದ್ದರೂ ಇಂಜಿನ್ ನುಣ್ಣಗೆ ಓಡುತ್ತದೆ. ಎರಡರಲ್ಲಿ 90 ಇದ್ದು ಒಂದರಲ್ಲಿ 88 ಇದ್ದರೆ ಕುಂಟುತ್ತದೆ. ಚಕ್ರ ತಿರುಗಿಸಿದ ಪ್ರತಿ ಸಲವೂ ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರ ಅಳೆಯಿರಿ. ಅದು ಸುಮಾರು 14.4 ಮಿ.ಮೀ. ಇರಬೇಕು. ಇದನ್ನು ಮರೆತರೆ ಕುಂಟು ಹೋಗಿ, ಪಾಯಿಂಟ್‌ಗಳಲ್ಲಿ (ಹಳಿ ಕವಲೊಡೆಯುವ ಕಡೆ) ಹಳಿ ತಪ್ಪುವ ಹೊಸ ರೋಗ ಅಂಟಿಕೊಳ್ಳುತ್ತದೆ.

ದೋಷ ರಾಡ್‌ನದೇ ಎಂದು ಖಾತ್ರಿಯಾದರೆ ಆ ಒಂದು ತೂತನ್ನು ಮಾತ್ರ ರೀಮರ್‌ನಿಂದ ಹಿಗ್ಗಿಸಿ. ಎರಡೂ ಬದಿಯಿಂದ ಒಂದೆರಡು ಸುತ್ತು ತಿರುಗಿಸಿ, ಅಂಚಿನ ಸಿಬಿರು ತೆಗೆದು ಮತ್ತೆ ಉರುಳಿಸಿ ನೋಡಿ. ಪಿನ್ ಸುತ್ತ ಒಟ್ಟು 0.1 ಮಿ.ಮೀ. ಸಡಿಲ ಧಾರಾಳ ಸಾಕು. ತಿರುವಿನಲ್ಲಿ ಮಾತ್ರ ಹಿಡಿಯುತ್ತಿದ್ದರೆ ಇದ್ಯಾವುದೂ ಕಾರಣವಲ್ಲ. ನಡುವಿನ ಅಚ್ಚಿಗೆ ಪಕ್ಕಕ್ಕೆ ಸುಮಾರು ಅರ್ಧ ಮಿಲಿಮೀಟರ್ ಸರಿದಾಡಲು ಜಾಗ ಬಿಡಿ.

ಪ್ರಶ್ನೆ: ಡಬ್ಬಿಗಳನ್ನು ನಿಧಾನಕ್ಕೆ ಅತ್ತಿತ್ತ ಸರಿಸಬೇಕಾದ ನನ್ನ ಶಂಟಿಂಗ್ ಇಂಜಿನ್ ಎಕ್ಸ್‌ಪ್ರೆಸ್ ಥರ ಓಡುತ್ತದೆ. ಚಕ್ರ 18 ಮಿ.ಮೀ., ಗೇರ್ 20ಕ್ಕೆ 1, ಮೋಟರ್ 12 ವೋಲ್ಟ್‌ಗೆ 14,000 ಸುತ್ತು. ಯಾವ ಗೇರ್ ಹಾಕಲಿ?

ಉತ್ತರ: ಲೆಕ್ಕ ಹಾಕಿದರೆ ಕಾರಣ ತಾನೇ ತಿಳಿಯುತ್ತದೆ. 14,000ವನ್ನು 20ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 700 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 56.5 ಮಿ.ಮೀ. ಹಾಗಾಗಿ ಇಂಜಿನ್ ಸೆಕೆಂಡಿಗೆ ಸುಮಾರು 66 ಸೆಂ.ಮೀ. ಸಾಗುತ್ತದೆ. 87ರಿಂದ ಗುಣಿಸಿ ನೋಡಿದರೆ ಅದು ಗಂಟೆಗೆ 206 ಕಿ.ಮೀ.!

60ಕ್ಕೆ 1 ಗೇರ್ ಹಾಕಿದರೆ ಭಾರವಿಲ್ಲದಾಗ ಗಂಟೆಗೆ 69 ಕಿ.ಮೀ. ಆಸುಪಾಸಿಗೆ ಬರುತ್ತದೆ, ಡಬ್ಬಿ ಕಟ್ಟಿದಾಗ ಇನ್ನೂ ಇಳಿಯುತ್ತದೆ. ಶಂಟಿಂಗ್‌ಗೆ ಅದೇ ಹದ. ವೇಗದ ಗುಂಡಿಯನ್ನು ಕಡಿಮೆ ತಿರುಗಿಸಿದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಆಗ ಮೋಟರ್ ತೀರಾ ಕಡಿಮೆ ವೋಲ್ಟೇಜ್‌ನಲ್ಲಿ ಓಡಬೇಕು, ಹಳಿಯ ಮೇಲಿನ ಚೂರು ಕೊಳೆಗೂ ನಿಂತುಬಿಡುತ್ತದೆ. ಗೇರ್ ಬದಲಿಸುವುದೇ ಸರಿಯಾದ ದಾರಿ.

ವರ್ಮ್ ಕೂರಿಸುವಾಗ ಗೇರ್‌ಗೂ ಅದಕ್ಕೂ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಸ್ಕ್ರೂ ಬಿಗಿಮಾಡಿ, ಆಮೇಲೆ ಕಾಗದ ಎಳೆದು ತೆಗೆಯಿರಿ. ಅಷ್ಟು ಸಂದು ಉಳಿದರೆ ಸಾಕು. ವರ್ಮ್‌ನ ಶಾಫ್ಟ್ ಹಿಂದೆ ಮುಂದೆ ಜಾಸ್ತಿ ಸರಿದಾಡಿದರೆ ಇಳಿಜಾರಿನಲ್ಲಿ ಇಂಜಿನ್ ಮುಗ್ಗರಿಸುತ್ತದೆ. ತೆಳು ವಾಷರ್ ಹಾಕಿ ಆ ಓಡಾಟವನ್ನು 0.2 ಮಿ.ಮೀ. ಒಳಗೆ ತನ್ನಿ.

ಪ್ರಶ್ನೆ: ರೆಡಿಮೇಡ್ ಇಂಜಿನ್‌ನ ಬಾಡಿಯಲ್ಲಿ ಕೈಕಂಬಿಗಳು ಬಾಡಿಯ ಜೊತೆಗೇ ಎರಕವಾಗಿ ಉಬ್ಬಿಕೊಂಡಿವೆ. ಅವನ್ನು ಕೆತ್ತಿ ತಂತಿಯದು ಹಾಕಬೇಕೆಂದಿದೆ. ಬಾಡಿಗೆ ಗಾಯವಾಗದಂತೆ ಹೇಗೆ?

ಉತ್ತರ: ಇಂಜಿನ್‌ನ ಚಹರೆಯನ್ನು ಇಷ್ಟು ಬದಲಿಸುವ ಕೆಲಸ ಇನ್ನೊಂದಿಲ್ಲ, ಖಂಡಿತ ಮಾಡಿ. ಆದರೆ ಕೆತ್ತುವ ಮೊದಲು ತೂತು ಕೊರೆಯಿರಿ. ಕೆತ್ತಿದ ಮೇಲೆ ಕಂಬಿಯ ತುದಿ ಎಲ್ಲಿತ್ತು ಎಂಬ ಗುರುತೇ ಉಳಿಯುವುದಿಲ್ಲ. ತುದಿಗಳಲ್ಲಿ ಸೂಜಿಯಿಂದ ಚುಚ್ಚಿ ಗುಳಿ ಮಾಡಿ, 0.4 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲಿ ತಿರುಗಿಸುವ ಪಿನ್ ವೈಸ್‌ಗೆ ಹಾಕಿ ಕೊರೆಯಿರಿ. ಕಾರ್ಬೈಡ್ ಬಿಟ್ ಪಕ್ಕಕ್ಕೆ ಸ್ವಲ್ಪ ವಾಲಿದರೂ ಮುರಿಯುತ್ತದೆ. ಕೈಕೆಲಸಕ್ಕೆ ಸಾದಾ ಉಕ್ಕಿನದೇ ವಾಸಿ.

ಆಮೇಲೆ ಕಂಬಿಯ ಎರಡೂ ಪಕ್ಕ ಟೇಪ್ ಅಂಟಿಸಿ. ಚಪ್ಪಟೆ ಮೂತಿಯ ಬ್ಲೇಡನ್ನು ಮೈಗೆ ಒರಗಿಸಿ ಹಿಡಿದು, ತೆಳ್ಳನೆಯ ಪದರ ಪದರವಾಗಿ ಹೆರೆಯಿರಿ. ಒಂದೇ ಏಟಿಗೆ ತೆಗೆಯಲು ಹೋದರೆ ಬ್ಲೇಡ್ ಒಳಕ್ಕೆ ಇಳಿದು ಗುಂಡಿ ಬೀಳುತ್ತದೆ. ಕೊನೆಯ ತೆಳು ಪದರವನ್ನು ಬ್ಲೇಡಿಗೆ ಬಿಡದೆ 800, 1200, 2000 ನಂಬರಿನ ಮರಳು ಕಾಗದಗಳಿಂದ ನೀರು ಹಚ್ಚಿ ಉಜ್ಜಿ. ಪಕ್ಕದಲ್ಲಿ ರಿವೆಟ್‌ಗಳಿದ್ದರೆ ಕಾಗದವನ್ನು ಕಡ್ಡಿಯ ತುದಿಗೆ ಅಂಟಿಸಿಕೊಂಡರೆ ಅವಕ್ಕೆ ತಾಗುವುದಿಲ್ಲ.

ತಂತಿಯ ದಪ್ಪ: ಅಸಲು ಕಂಬಿ 30 ಮಿ.ಮೀ. ಇದ್ದರೆ ನಮ್ಮ ಅಳತೆಗೆ 0.34. ಹಾಗಾಗಿ 0.35ರ ಹಿತ್ತಾಳೆ ತಂತಿ. ಮೈಯಿಂದ ಎಲ್ಲ ಕಡೆ ಒಂದೇ ದೂರದಲ್ಲಿ ನಿಲ್ಲಬೇಕಾದರೆ ಒಂದು ಮಿ.ಮೀ. ದಪ್ಪದ ರಟ್ಟಿನ ಪಟ್ಟಿಯನ್ನು ಕಂಬಿಯ ಕೆಳಗೆ ಸಿಕ್ಕಿಸಿ, ಬಾಡಿಯ ಒಳಗಿನಿಂದ ಒಂದು ತೊಟ್ಟು ಸೂಪರ್‌ಗ್ಲೂ ಮುಟ್ಟಿಸಿ. ಹೊರಗಿನಿಂದ ಹಾಕಿದ ಅಂಟು ಬಣ್ಣದ ಕೆಳಗೂ ಎದ್ದು ಕಾಣುತ್ತದೆ.

ಪ್ರಶ್ನೆ: ಹಳೆಯ ಇಂಜಿನ್‌ಗೆ ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ) ಡಿಕೋಡರ್, ಎಂದರೆ ಆ ಆಜ್ಞೆಯಂತೆ ಮೋಟರ್ ಓಡಿಸುವ ಪುಟ್ಟ ಸರ್ಕ್ಯೂಟ್ ಹಾಕಿದೆ. ಹಳಿಯ ಮೇಲಿಟ್ಟ ತಕ್ಷಣ ಸುಟ್ಟಿತು. ತಂತಿಗಳ ಬಣ್ಣ ನೋಡಿಯೇ ಜೋಡಿಸಿದ್ದೆ.

ಉತ್ತರ: ಬಣ್ಣ ಸರಿಯಿದ್ದೂ ಸುಟ್ಟಿದ್ದರೆ, ಮೋಟರ್‌ನ ಒಂದು ಬ್ರಷ್ (ಮೋಟರ್‌ನೊಳಗೆ ವಿದ್ಯುತ್ ತಲುಪಿಸುವ ತುಂಡು) ಇನ್ನೂ ಚಾಸಿಗೆ ತಾಗಿಕೊಂಡೇ ಇತ್ತು ಎನ್ನುವುದೇ ಹೆಚ್ಚು ಸಂಭವ. ಹಳೆಯ ಇಂಜಿನ್‌ಗಳಲ್ಲಿ ಲೋಹದ ಚಾಸಿಯೇ ಒಂದು ಹಳಿಯಿಂದ ಮೋಟರ್‌ಗೆ ವಿದ್ಯುತ್ ಒಯ್ಯುವ ದಾರಿ. ಡಿಸಿಸಿಯಲ್ಲಿ ಹಳಿಗೂ ಮೋಟರ್‌ಗೂ ನೇರ ಸಂಬಂಧ ಇರಲೇಬಾರದು, ನಡುವೆ ಡಿಕೋಡರ್ ಮಾತ್ರ ಇರಬೇಕು. ಹಾಗಿಲ್ಲದಿದ್ದರೆ ಹಳಿಯ ವಿದ್ಯುತ್ತು ಡಿಕೋಡರ್‌ನ ಮೋಟರ್ ತಂತಿಗೇ ಹಿಂದಿನಿಂದ ನುಗ್ಗುತ್ತದೆ.

ಮುಂದಿನ ಡಿಕೋಡರ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು, ಡಿಕೋಡರ್ ಇಲ್ಲದೆಯೇ, ಎರಡು ಬ್ರಷ್‌ಗಳಿಂದ ಎಡ ಹಳಿಯ ಚಕ್ರ, ಬಲ ಹಳಿಯ ಚಕ್ರ, ಚಾಸಿ ಹೀಗೆ ಆರು ಜೋಡಿಗಳನ್ನು ಪರೀಕ್ಷಿಸಿ. ಒಂದರಲ್ಲೂ ಸಂಪರ್ಕ ತೋರಿಸಬಾರದು. ಬಾಡಿ ಮುಚ್ಚಿದ ಮೇಲೆ ಇನ್ನೊಮ್ಮೆ ನೋಡಿ. ಬಾಡಿಯೊಳಗಿನ ತೂಕ ಬ್ರಷ್ ಕ್ಲಿಪ್‌ಗೆ ತಾಗುವುದುಂಟು. ಜೊತೆಗೆ ಮೋಟರ್ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದೂ ಅಳೆಯಿರಿ: 12 ವೋಲ್ಟ್ ಕೊಟ್ಟು, ಶಾಫ್ಟನ್ನು ಒಂದೆರಡು ಸೆಕೆಂಡ್ ಮಾತ್ರ ಹಿಡಿದು ನಿಲ್ಲಿಸಿದಾಗ ಮೀಟರ್ ತೋರಿಸುವ ಆಂಪಿಯರ್, ಡಿಕೋಡರ್ ತಾಳುವ ಮಿತಿಯೊಳಗೆ ಇರಬೇಕು.

ಬಣ್ಣಗಳನ್ನೂ ಇನ್ನೊಮ್ಮೆ ತಾಳೆ ನೋಡಿ. ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟರ್‌ಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ. ನೀಲಿ ಎಲ್ಲ ದೀಪಗಳಿಗೂ ಸೇರಿದ ಪಾಸಿಟಿವ್. ಅದನ್ನು ಚಾಸಿಗೆ ತಾಗಿಸಬೇಡಿ. ಎಲ್‌ಇಡಿಯ ಉದ್ದ ಕಾಲು ನೀಲಿಗೆ ಹೋಗಬೇಕು, ದಾರಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಇರಬೇಕು. ಬೆಸುಗೆಗಳಿಗೆ ಹೀಟ್‌ಶ್ರಿಂಕ್ ಕೊಳವೆಯನ್ನೇ ಹಾಕಿ. ಟೇಪಿನ ಅಂಟು ಬಿಸಿಗೆ ಜಾರಿ ತಂತಿ ಬರಿದಾಗುತ್ತದೆ. ಡಿಕೋಡರ್‌ಗೆ ಮಾತ್ರ ಏನನ್ನೂ ದಪ್ಪವಾಗಿ ಸುತ್ತಬೇಡಿ, ಅದರ ಬಿಸಿ ಹೊರಹೋಗಬೇಕು.

ಮೊದಲ ಪರೀಕ್ಷೆ ಯಾವಾಗಲೂ ಡಿಕೋಡರ್‌ನ ಸೆಟ್ಟಿಂಗ್ ಓದುವ, ಬದಲಿಸುವ ಪ್ರೋಗ್ರಾಮಿಂಗ್ ಹಳಿಯಲ್ಲೇ. ಅಲ್ಲಿ ವಿದ್ಯುತ್ ಮಿತವಾಗಿರುವುದರಿಂದ ತಪ್ಪಿದ್ದರೂ ಸಾಮಾನ್ಯವಾಗಿ ಡಿಕೋಡರ್ ಉಳಿಯುತ್ತದೆ. ಹೊಸ ಡಿಕೋಡರ್‌ನ ವಿಳಾಸ (ಅದನ್ನು ಕರೆಯುವ ಸಂಖ್ಯೆ) 3. ಅದನ್ನು ಓದಲು ಬಂದರೆ ಜೋಡಣೆ ಬಹುಪಾಲು ಸರಿ ಎಂದರ್ಥ.

ಪ್ರಶ್ನೆ: ಎಳೆಯುವ ಶಕ್ತಿ ಸಾಲದೆಂದು ನೀರಿನ ಟ್ಯಾಂಕಿನೊಳಗೆ ಸೀಸದ ಗುಂಡು ತುಂಬಿ ಬಿಳಿ ಅಂಟು ಸುರಿದಿದ್ದೆ. ಕೆಲವು ತಿಂಗಳಲ್ಲಿ ಟ್ಯಾಂಕಿನ ಗೋಡೆಗಳು ಉಬ್ಬಿಕೊಂಡಿವೆ. ಏಕೆ?

ಉತ್ತರ: ಬಿಳಿ ಅಂಟು, ಎಂದರೆ ಪಿವಿಎ, ಸೀಸಕ್ಕೆ ಆಗದು. ಅದರಿಂದ ಹೊರಬರುವ ಅಸಿಟಿಕ್ ಆಮ್ಲ, ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸೀಸವನ್ನು ಬಿಳಿ ಪುಡಿಯಾಗಿಸುತ್ತವೆ. ಆ ಪುಡಿ ಮೂಲ ಸೀಸಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಜಾಗವಿಲ್ಲದಾಗ ಗೋಡೆಯನ್ನು ತಳ್ಳುತ್ತದೆ. ಬೆಸುಗೆ ಹಾಕಿದ ಹಿತ್ತಾಳೆಯ ಕೀಲೂ ಬಿಚ್ಚಿಕೊಳ್ಳಬಹುದು.

ತಡಮಾಡದೆ ಎಲ್ಲವನ್ನೂ ಕೆರೆದು ತೆಗೆಯಿರಿ. ಆ ಪುಡಿ ವಿಷ. ಒಣಗಿದ್ದನ್ನು ಊದಬೇಡಿ, ಒದ್ದೆ ಮಾಡಿ ತೆಗೆದು ಕೈ ತೊಳೆಯಿರಿ. ಮತ್ತೆ ತುಂಬುವಾಗ ಎರಡು ಭಾಗದ ಎಪಾಕ್ಸಿ ಬಳಸಿ. ಜಾಗ ಕಡಿಮೆಯಿದ್ದರೆ ಟಂಗ್‌ಸ್ಟನ್ ಪುಟ್ಟಿ ಒಳ್ಳೆಯದು. ತೂಕವನ್ನು ಚಾಲಕ ಚಕ್ರಗಳ ನಡುಮಧ್ಯಕ್ಕೆ ಬರುವಂತೆ ಹಂಚಿ. ನಡುವಿನ ಅಚ್ಚಿನ ಕೆಳಗೆ ಪೆನ್ಸಿಲ್ ಇಟ್ಟಾಗ ಇಂಜಿನ್ ತಕ್ಕಡಿಯಂತೆ ಸಮನಾಗಿ ನಿಲ್ಲಬೇಕು. ತೂಕಕ್ಕೂ ಮಿತಿಯಿದೆ: ಹಳಿಯ ಮೇಲೆ ಇಂಜಿನ್ನನ್ನು ತಡೆದು ಹಿಡಿದಾಗ ಚಕ್ರಗಳು ಜಾರಿ ತಿರುಗಬೇಕು. ಜಾರದೆ ಮೋಟರ್ ನಿಂತುಬಿಟ್ಟರೆ ತೂಕ ಹೆಚ್ಚಾಗಿದೆ, ಮೋಟರ್ ಸುಡುತ್ತದೆ.

ಪ್ರಶ್ನೆ: ನಂಬರಿನ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಸುತ್ತ ಬೆಳ್ಳಿಯಂತೆ ಹೊಳೆಯುವ ಅಂಚು ಕಾಣುತ್ತದೆ. ಕ್ಯಾಬ್‌ನ ಕಿಟಕಿಗಳೂ ಮಂಜು ಕವಿದಂತಾಗಿವೆ.

ಉತ್ತರ: ಕಿಟಕಿಗೆ ಕಾರಣ ಸೂಪರ್‌ಗ್ಲೂನ ಆವಿ. ಪಾರದರ್ಶಕ ತುಂಡುಗಳಿಗೆ ಬಿಳಿ ಅಂಟೇ ಸರಿ, ಒಣಗಿದ ಮೇಲೆ ಕಾಣುವುದೂ ಇಲ್ಲ. ಕ್ಯಾಬಿನೊಳಗಿನ ಉಳಿದ ಸೂಪರ್‌ಗ್ಲೂ ಕೆಲಸವೆಲ್ಲ ಮುಗಿದು ಒಂದು ದಿನ ಗಾಳಿಯಾಡಿದ ಮೇಲೆ ಕಿಟಕಿ ಕೂರಿಸಿ.

ಡೆಕಾಲ್ ಹೊಳೆಯುವುದು ಅದರ ಕೆಳಗೆ ಸಿಕ್ಕಿಕೊಂಡ ಗಾಳಿಯಿಂದ. ಮ್ಯಾಟ್ ಬಣ್ಣದ ಮೈ ಉರುಟು, ಡೆಕಾಲ್ ಅದರ ಗುಳಿಗಳಿಗೆ ಇಳಿಯುವುದಿಲ್ಲ. ಈಗಿರುವುದಕ್ಕೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ, ಡೆಕಾಲನ್ನು ಮೆತ್ತಗಾಗಿಸುವ ಸೆಟ್ಟಿಂಗ್ ದ್ರವ ಹಚ್ಚಿ ನೋಡಿ, ಎರಡು ಮೂರು ಸಲ ಬೇಕಾಗಬಹುದು. ಹಚ್ಚಿದಾಗ ಡೆಕಾಲ್ ಸುಕ್ಕಾದರೆ ಗಾಬರಿಯಾಗಿ ಮುಟ್ಟಬೇಡಿ, ಒಣಗುತ್ತಾ ತಾನೇ ಚಪ್ಪಟೆಯಾಗುತ್ತದೆ. ಮುಂದಿನ ಇಂಜಿನ್‌ಗೆ ಮೊದಲು ಹೊಳಪಿನ (ಗ್ಲಾಸಿ) ವಾರ್ನಿಷ್ ಹೊಡೆದು, ಪೂರ್ತಿ ಒಣಗಿಸಿ, ಡೆಕಾಲ್ ಹಾಕಿ. ಮ್ಯಾಟ್ ವಾರ್ನಿಷ್ ಅದರ ಮೇಲೆ, ಕಿಟಕಿ ಕೂರಿಸುವುದು ಎಲ್ಲದರ ಕೊನೆಗೆ.