ಹಳೆಯ ದೈತ್ಯ ಚಿತ್ರಗಳನ್ನು ಈಗಿನ ಮಕ್ಕಳಿಗೆ ತೋರಿಸಬಹುದೇ? ಎಲ್ಲಿಂದ ಆರಂಭಿಸಬೇಕು?

ಎಂಟು ಮತ್ತು ಹನ್ನೊಂದು ವರ್ಷದ ನಿಮ್ಮ ಇಬ್ಬರು ಮಕ್ಕಳಿಗೆ ‘ಕಿಂಗ್ ಕಾಂಗ್’, ಸಿಂದಬಾದನ ಸಾಹಸಗಳಂಥ ಹಳೆಯ ಚಿತ್ರಗಳನ್ನು ತೋರಿಸಬೇಕೆಂಬ ಆಸೆ ನಿಮಗಿದೆ. ಆದರೆ ಈಗಿನ ಗ್ರಾಫಿಕ್ಸ್ ನೋಡಿ ಬೆಳೆದ ಅವರು ನಕ್ಕುಬಿಟ್ಟಾರು, ಇಲ್ಲವೇ ಅರ್ಧಕ್ಕೇ ಎದ್ದು ಹೋದಾರು ಎಂಬ ಅಳುಕೂ ಇದೆ. ಯಾವುದನ್ನು ಮೊದಲು ತೋರಿಸಬೇಕು, ಭಯದ ದೃಶ್ಯಗಳನ್ನು ಏನು ಮಾಡಬೇಕು ಎಂದು ಕೇಳಿದ್ದೀರಿ. ಅಕ್ಕನ ಮಕ್ಕಳಿಗೂ ಅವರ ಗೆಳೆಯರಿಗೂ ರಜೆಯ ದಿನಗಳಲ್ಲಿ ಇಂಥ ಚಿತ್ರಗಳನ್ನು ತೋರಿಸುತ್ತ ಬಂದವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದೈತ್ಯ ಹಳೆಯ ಕಾಲದವನಂತೆ ಕಾಣುತ್ತಾನೆ ಎಂಬುದು ಮಕ್ಕಳಿಗೆ ತೊಡಕೇ ಅಲ್ಲ. ತೊಡಕಿರುವುದು ದೈತ್ಯ ಬರುವುದಕ್ಕೆ ಮುಂಚಿನ ದೀರ್ಘ ಮಾತುಕತೆಯಲ್ಲಿ, ಪರಭಾಷೆಯಲ್ಲಿ ಮತ್ತು ಪಕ್ಕದಲ್ಲಿ ಕುಳಿತ ದೊಡ್ಡವರ ಆತಂಕದಲ್ಲಿ. ಆ ಮೂರನ್ನು ನಿಭಾಯಿಸಿದರೆ ಮಕ್ಕಳು ತಾವಾಗಿಯೇ ದೈತ್ಯನ ಪಕ್ಷ ವಹಿಸುತ್ತಾರೆ. ಈ ಚಿತ್ರಗಳನ್ನು ಅವರಿಗೆ ತೋರಿಸಲು ಅದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ರಾಕ್ಷಸನ ಪಾತ್ರ ಮಾಡುವ ಬಣ್ಣದ ವೇಷಧಾರಿಯು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿಟ್ಟಿ ಇಟ್ಟುಕೊಳ್ಳುವುದನ್ನು ಕಣ್ಣಾರೆ ನೋಡಿದ ಮಗುವೇ, ಅದೇ ವೇಷ ತೆರೆಯ ಹಿಂದಿನಿಂದ ಅಬ್ಬರಿಸಿದಾಗ ತಾಯಿಯ ಮಡಿಲಿಗೆ ಸರಿಯುತ್ತದೆ. ಇದು ಮನುಷ್ಯ ಮಾಡಿಕೊಂಡ ರೂಪ ಎಂಬುದು ಅದಕ್ಕೆ ಗೊತ್ತು, ಆದರೂ ಆ ಕ್ಷಣಕ್ಕೆ ಅದು ರಾಕ್ಷಸನೇ ಹೌದು. ಹಳೆಯ ದೈತ್ಯ ಚಿತ್ರಗಳು ಮಕ್ಕಳಿಂದ ಕೇಳುವುದು ಇಷ್ಟನ್ನೇ, ಮತ್ತು ಅವರು ಅದನ್ನು ಧಾರಾಳವಾಗಿ ಕೊಡುತ್ತಾರೆ.

ಮೊದಲ ಚಿತ್ರವಾಗಿ ನಾನು ಆರಿಸಿಕೊಳ್ಳುವುದು 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’. ಗ್ರೀಕ್ ಪುರಾಣದ ಜೇಸನ್ ಚಿನ್ನದ ತುಪ್ಪಳವನ್ನು ತರಲು ಹಡಗೇರಿ ಹೊರಡುವ ಕಥೆ ಅದು. ಬಣ್ಣದ ಚಿತ್ರ, ಎರಡು ಗಂಟೆಗಿಂತ ಕಡಿಮೆ ಅವಧಿ, ಒಂದು ವಿಸ್ಮಯ ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ದೇವತೆಗಳು ಮೇಲೆ ಕುಳಿತು ಭೂಮಿಯ ಮನುಷ್ಯರನ್ನು ಆಟದ ಕಾಯಿಗಳಂತೆ ನಡೆಸುವುದನ್ನು ರಾಮಾಯಣ, ಮಹಾಭಾರತ ಕೇಳಿದ ಮಕ್ಕಳಿಗೆ ಬಿಡಿಸಿ ಹೇಳುವ ಅಗತ್ಯವೂ ಬೀಳುವುದಿಲ್ಲ. ಚಿತ್ರದ ಮೊದಲ ಭಾಗದಲ್ಲೇ ಟಾಲೋಸ್ ಎಂಬ ಕಂಚಿನ ದೈತ್ಯ ಬರುತ್ತಾನೆ. ಆತನ ಪೀಠದೊಳಗಿನ ಭಂಡಾರದಿಂದ ಹರ್ಕ್ಯುಲಿಸ್ ಮತ್ತು ಅವನ ಗೆಳೆಯ ಒಂದು ವಸ್ತುವನ್ನು ಕದ್ದು ಹೊರಬಂದ ಮೇಲೆ, ಅಷ್ಟು ಹೊತ್ತು ಬರಿಯ ಪ್ರತಿಮೆಯಾಗಿದ್ದ ಆ ಭಾರಿ ತಲೆ ಕಿರುಗುಟ್ಟುತ್ತ ನಿಧಾನವಾಗಿ ಇವರತ್ತ ತಿರುಗುತ್ತದೆ. ಆ ತಿರುಗುವಿಕೆಗೆ ಉಸಿರು ಬಿಗಿಹಿಡಿಯದ ಮಗುವನ್ನು ನಾನು ಕಂಡಿಲ್ಲ. ಚಲನೆ ಪೆಡಸಾಗಿದೆ, ಸಹಜವಾಗಿಲ್ಲ ಎಂದು ಯಾರಾದರೂ ಹೇಳಿದರೆ ಉತ್ತರ ಚಿತ್ರದಲ್ಲೇ ಇದೆ: ಅವನು ಕಂಚಿನವನು, ಆದ್ದರಿಂದಲೇ ಅವನನ್ನು ಬೇಕೆಂದೇ ಹಾಗೆ ನಡೆಸಲಾಗಿದೆ. ಕೊನೆಗೆ ಜೇಸನ್ ಅವನ ಹಿಮ್ಮಡಿಯ ಬಿರಡೆಯನ್ನು ತೆರೆದಾಗ ಒಳಗಿನ ಜೀವದ್ರವ ಸೋರಿಹೋಗುತ್ತದೆ. ದೈತ್ಯ ಉಸಿರಿಗಾಗಿ ಒದ್ದಾಡುವವನಂತೆ ತನ್ನ ಕೊರಳನ್ನು ಹಿಡಿದುಕೊಳ್ಳುತ್ತಾನೆ, ಮೈಯೆಲ್ಲ ಬಿರುಕು ಬಿಡುತ್ತದೆ. ಅಲ್ಲಿ ಮಕ್ಕಳಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಒಂದೇ: ಕದ್ದದ್ದು ಇವರು, ಸಾಯಬೇಕಾದದ್ದು ಅವನೇ? ಈ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲು ಹೋಗಬೇಡಿ. ಅದು ಅವರೊಳಗೆ ಉಳಿಯಲಿ.

ಇದೇ ಚಿತ್ರದ ಕೊನೆಯಲ್ಲಿ ಹೈಡ್ರಾ ಎಂಬ ಬಹುತಲೆಯ ಸರ್ಪದ ಹಲ್ಲುಗಳನ್ನು ನೆಲಕ್ಕೆ ಬಿತ್ತಿದಾಗ ಏಳು ಅಸ್ಥಿಪಂಜರಗಳು ಕತ್ತಿ, ಗುರಾಣಿ ಹಿಡಿದು ಮಣ್ಣಿನಿಂದ ಮೇಲೇಳುತ್ತವೆ ಮತ್ತು ಮೂವರು ಮನುಷ್ಯರ ಮೇಲೆ ಬೀಳುತ್ತವೆ. ತೆರೆಯ ಮೇಲೆ ಕೆಲವೇ ನಿಮಿಷಗಳ ಈ ಕಾಳಗವನ್ನು ರೇ ಹ್ಯಾರಿಹೌಸನ್ ಎಂಬ ಒಬ್ಬ ವ್ಯಕ್ತಿ ಸುಮಾರು ನಾಲ್ಕೂವರೆ ತಿಂಗಳು ಕುಳಿತು ಚಿತ್ರೀಕರಿಸಿದರು. ಪುಟ್ಟ ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚೌಕಟ್ಟು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಹೀಗೆ ತೆಗೆದ 24 ಚೌಕಟ್ಟುಗಳು ಸೇರಿದರೆ ಒಂದು ಸೆಕೆಂಡು. ಏಳು ಅಸ್ಥಿಪಂಜರಗಳ ಪ್ರತಿಯೊಂದು ಕೈಕಾಲು, ತಲೆ, ಕತ್ತಿಗಳನ್ನು ಮೊದಲೇ ಚಿತ್ರೀಕರಿಸಿದ ನಟರ ಚಲನೆಗೆ ಹೊಂದಿಸಬೇಕಾಗಿದ್ದುದರಿಂದ ದಿನಕ್ಕೆ ಸರಾಸರಿ 13 ಚೌಕಟ್ಟುಗಳಷ್ಟೇ ಸಾಗುತ್ತಿದ್ದವು. ಅಂದರೆ ಇಡೀ ದಿನದ ದುಡಿಮೆಗೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ಈ ಲೆಕ್ಕವನ್ನು ಮಕ್ಕಳಿಗೆ ಖಂಡಿತ ಹೇಳಿ, ಆದರೆ ಚಿತ್ರ ಮುಗಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಅವರು ಕಥೆಯನ್ನು ಬಿಟ್ಟು ಗೊಂಬೆಯನ್ನು ಹುಡುಕತೊಡಗುತ್ತಾರೆ. ಆಮೇಲೆ ಹೇಳಿದರೆ ಆ ಕಾಳಗವನ್ನು ಇನ್ನೊಮ್ಮೆ ಹಾಕಿ ಎಂದು ಅವರೇ ಕೇಳುತ್ತಾರೆ, ಮತ್ತು ಎರಡನೆಯ ನೋಟದಲ್ಲಿ ಅವರ ಕಣ್ಣು ಬೇರೆಯದೇ ಆಗಿರುತ್ತದೆ. ಒಂದು ಎಚ್ಚರಿಕೆ: ಈ ಚಿತ್ರದಲ್ಲಿ ಕಥೆ ಪೂರ್ಣವಾಗುವುದಿಲ್ಲ. ಜೇಸನ್ ತನ್ನ ರಾಜ್ಯಕ್ಕೆ ಮರಳುವ ಮೊದಲೇ ಚಿತ್ರ ಮುಗಿದುಹೋಗುತ್ತದೆ. ಆದ್ದರಿಂದ ಉಳಿದ ಪುರಾಣವನ್ನು ಹೇಳಲು ನೀವು ಸಿದ್ಧರಾಗಿರಬೇಕು.

ಎರಡನೆಯದಾಗಿ 1958ರ ‘ದಿ ಸೆವೆಂತ್ ವಾಯೇಜ್ ಆಫ್ ಸಿಂದಬಾದ್’ ಹೊಂದುತ್ತದೆ. ಒಂದೂವರೆ ಗಂಟೆಯೊಳಗೆ ಮುಗಿಯುವ ಇದರಲ್ಲಿ ಮೇಕೆಯ ಕಾಲುಗಳ ಒಕ್ಕಣ್ಣಿನ ದೈತ್ಯನಿದ್ದಾನೆ, ಎರಡು ತಲೆಯ ರುಖ್ ಪಕ್ಷಿಯಿದೆ, ಬೆರಳುದ್ದಕ್ಕೆ ಕುಗ್ಗಿಹೋದ ರಾಜಕುಮಾರಿಯಿದ್ದಾಳೆ. ಬರ್ನಾರ್ಡ್ ಹರ್ಮನ್ನರ ಸಂಗೀತಕ್ಕೆ ಕಿವಿಗೊಡಲು ಹೇಳಿ. ಅಸ್ಥಿಪಂಜರದ ಕಾದಾಟದಲ್ಲಿ ಝೈಲೋಫೋನು ಮೂಳೆಗೆ ಮೂಳೆ ತಾಗಿದಂತೆ ನುಡಿಯುತ್ತದೆ. ಇಲ್ಲಿಯೂ ದೈತ್ಯರನ್ನು ನಡೆಸಿದವರು ಹ್ಯಾರಿಹೌಸನ್ನರೇ. ಅವರ ಗೊಂಬೆಗಳ ಒಳಗಿನ ಲೋಹದ ಎಲುಬುಗೂಡುಗಳನ್ನು ವರ್ಷಗಳ ಕಾಲ ಯಂತ್ರಕೆಲಸ ಬಲ್ಲ ಅವರ ತಂದೆಯೇ ಮಾಡಿಕೊಡುತ್ತಿದ್ದರು, ಆರಂಭದ ಕಿರುಚಿತ್ರಗಳ ಗೊಂಬೆಗಳಿಗೆ ತಾಯಿ ಬಟ್ಟೆ ಹೊಲಿದು ಕೊಟ್ಟಿದ್ದರು. ಮಗುವೊಂದರ ಹುಚ್ಚಿಗೆ ಮನೆಮಂದಿಯೆಲ್ಲ ಕೈಗೂಡಿಸಿದ ಈ ಸಂಗತಿಯನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಆ ಹುಚ್ಚು ಹತ್ತಿದ್ದು 1933ರಲ್ಲಿ, ಹದಿಮೂರು ವರ್ಷದ ಹ್ಯಾರಿಹೌಸನ್ ಲಾಸ್ ಏಂಜಲಿಸ್‌ನ ಚಿತ್ರಮಂದಿರವೊಂದರಲ್ಲಿ ‘ಕಿಂಗ್ ಕಾಂಗ್’ ನೋಡಿದಾಗ. ನೀವು ಮೊದಲು ಹೆಸರಿಸಿದ ಆ ಚಿತ್ರವನ್ನು ನಾನು ಮೂರನೆಯದಾಗಿ ಇಡಲು ಕಾರಣಗಳಿವೆ. ದೈತ್ಯ ವಾನರ ಕಾಂಗ್ ಕಾಣಿಸಿಕೊಳ್ಳುವುದಕ್ಕೆ ಸುಮಾರು ಮುಕ್ಕಾಲು ಗಂಟೆ ಕಾಯಬೇಕು. ಅಲ್ಲಿಯವರೆಗೆ ನ್ಯೂಯಾರ್ಕಿನ ಬೀದಿ, ಹಡಗು, ಬಿರುಸಾದ ಹಳೆಯ ಇಂಗ್ಲಿಷು. ಈ ಭಾಗವನ್ನು ಹಿಂದಿನ ರಾತ್ರಿ ಮಲಗುವಾಗ ಕಥೆಯಾಗಿ ಹೇಳಿಬಿಟ್ಟರೆ ಮರುದಿನ ಮಕ್ಕಳು ಅದನ್ನು ಗುರುತಿಸುತ್ತ ನೋಡುತ್ತಾರೆ, ಕಾಯುವುದೇ ಸುಖವಾಗುತ್ತದೆ. ಇನ್ನೊಂದು ಕಾರಣ ಗಂಭೀರವಾದದ್ದು. ಕಾಂಗ್ ಇರುವ ದ್ವೀಪದ ಕಪ್ಪುಜನರನ್ನು ಈ ಚಿತ್ರ ಅನಾಗರಿಕರ ಗುಂಪಾಗಿ ಮಾತ್ರ ತೋರಿಸುತ್ತದೆ. ಹಡಗಿನ ಚೀನೀ ಅಡುಗೆಯವನನ್ನೂ ನಗೆಪಾಟಲಿಗೆ ಬಳಸುತ್ತದೆ. ಹನ್ನೊಂದು ವರ್ಷದ ಮಗುವಿಗೆ ಇದನ್ನು ನೇರವಾಗಿ ಹೇಳಬಹುದು ಮತ್ತು ಹೇಳಲೇಬೇಕು: ಆ ಕಾಲದ ಬಿಳಿಯ ಅಮೆರಿಕನ್ನರು ಇತರರನ್ನು ಹೀಗೆ ಕಂಡರು, ಅದು ತಪ್ಪು, ಮತ್ತು ಈ ತಪ್ಪು ಇಷ್ಟು ಸುಂದರವಾದ ಕೆಲಸದೊಳಗೇ ಕುಳಿತಿದೆ. ಮಕ್ಕಳು ಈ ಮಾತನ್ನು ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ಎಂಟು ವರ್ಷದ ಮಗುವಿಗೆ ಇನ್ನೆರಡು ವರ್ಷ ತಡೆಯುವುದು ಒಳ್ಳೆಯದು, ಏಕೆಂದರೆ ಕಾಂಗ್ ಮನುಷ್ಯರನ್ನು ತುಳಿಯುವ, ಕಚ್ಚುವ ದೃಶ್ಯಗಳೂ ಇವೆ. 1938ರ ಮರುಬಿಡುಗಡೆಯಲ್ಲಿ ಕತ್ತರಿಸಲಾಗಿದ್ದ ಅವು ಇಂದಿನ ಪೂರ್ಣ ಪ್ರತಿಗಳಿಗೆ ಮರಳಿ ಸೇರಿವೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಚಿತ್ರವನ್ನು ಬಿಡಬಾರದು ಎಂದೇ ನನ್ನ ವಾದ. ವಿಲ್ಲಿಸ್ ಓಬ್ರಿಯನ್ ನಡೆಸಿದ, ಮಾರ್ಸೆಲ್ ಡೆಲ್ಗಾಡೊ ಕಟ್ಟಿದ ಆ ಕಾಂಗ್ ಬಹುತೇಕ ದೃಶ್ಯಗಳಲ್ಲಿ ಒಂದೂವರೆ ಅಡಿಯ ಗೊಂಬೆ: ಒಳಗೆ ಲೋಹದ ಕೀಲುಗಳು, ಮೇಲೆ ರಬ್ಬರು ಮತ್ತು ಮೊಲದ ತುಪ್ಪಳ. ಪ್ರತಿ ಚೌಕಟ್ಟಿಗೂ ಬೆರಳು ತಾಗಿದ್ದರಿಂದ ತುಪ್ಪಳ ಅಲುಗುತ್ತಲೇ ಇರುತ್ತದೆ. ಅದನ್ನು ದೋಷವೆಂದು ಕರೆಯುವವರಿದ್ದಾರೆ. ನನಗಂತೂ ಅದು ನಡೆಸಿದವರ ಕೈ ಕಾಣಿಸುವ ಜಾಗ. ದೊಡ್ಡ ಡೈನೋಸಾರನ್ನು ಕೊಂದ ಮೇಲೆ ಕಾಂಗ್ ಅದರ ಮುರಿದ ದವಡೆಯನ್ನು ಮಗುವಿನಂತೆ ಅಲ್ಲಾಡಿಸಿ ನೋಡುತ್ತಾನೆ. ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ಗುಂಡು ತಗುಲಿದಾಗ ಗಾಯವನ್ನು ಮುಟ್ಟಿ ಬೆರಳಿಗಂಟಿದ ರಕ್ತವನ್ನು ನೋಡಿಕೊಳ್ಳುತ್ತಾನೆ. ತನಗೆ ಏನಾಗುತ್ತಿದೆ ಎಂದು ಅವನಿಗೆ ತಿಳಿಯದು; ನೋಡುತ್ತಿರುವ ಮಗುವಿಗೆ ತಿಳಿದಿದೆ. ಅಳು ಬರುವುದು ಅಲ್ಲಿಯೇ. ಆಗ ಅದು ಬರಿಯ ಗೊಂಬೆ ಎಂದು ಸಮಾಧಾನ ಹೇಳುವುದು ಆ ಮಗುವಿಗೆ ಮಾಡುವ ಅನ್ಯಾಯ.

ಭಯದ ದೃಶ್ಯಗಳನ್ನು ಹಾರಿಸಬೇಕೇ ಎಂಬ ನಿಮ್ಮ ಪ್ರಶ್ನೆಗೆ 1931ರ ‘ಫ್ರಾಂಕೆನ್‌ಸ್ಟೈನ್’ ಒಂದು ಪಾಠವನ್ನೇ ಇಟ್ಟಿದೆ. ಜೇಮ್ಸ್ ವೇಲ್ ನಿರ್ದೇಶನದ ಆ ಚಿತ್ರದಲ್ಲಿ ಬೋರಿಸ್ ಕಾರ್ಲೋಫ್ ನಟಿಸಿದ ಜೀವಿ ಕೆರೆಯ ದಡದಲ್ಲಿ ಪುಟ್ಟ ಹುಡುಗಿಯೊಡನೆ ಹೂವುಗಳನ್ನು ನೀರಿಗೆ ತೇಲಿಬಿಡುವ ಆಟವಾಡುತ್ತದೆ. ಹೂವು ಮುಗಿದಾಗ ಅವಳೂ ಹೂವಿನಂತೆ ತೇಲುತ್ತಾಳೆಂದು ನಂಬಿ ಎತ್ತಿ ನೀರಿಗೆ ಹಾಕುತ್ತದೆ, ಅವಳು ಮುಳುಗಿದಾಗ ಗಾಬರಿಗೊಳ್ಳುತ್ತದೆ. ಅಂದು ಈ ದೃಶ್ಯದ ಕೊನೆಯನ್ನು ಕತ್ತರಿಸಿದ್ದರಿಂದ, ದಶಕಗಳ ಕಾಲ ಪ್ರೇಕ್ಷಕರು ಕಂಡದ್ದು ಹುಡುಗಿಯತ್ತ ಚಾಚಿದ ಕೈಗಳನ್ನು, ಆಮೇಲೆ ಅವಳ ಶವವನ್ನು ಹೊತ್ತು ಬರುವ ತಂದೆಯನ್ನು. ಮಕ್ಕಳನ್ನೂ ದೊಡ್ಡವರನ್ನೂ ಕಾಪಾಡಲೆಂದು ಮಾಡಿದ ಆ ಕತ್ತರಿಯಿಂದ, ಅರಿಯದೆ ತಪ್ಪು ಮಾಡಿದ ಜೀವಿ ಬೇಕೆಂದೇ ಕೊಂದ ಕ್ರೂರಿಯಾಗಿಬಿಟ್ಟಿತು. ಆದ್ದರಿಂದ ನನ್ನ ಕ್ರಮ ಹೀಗಿದೆ: ಒಂದು ಚಿತ್ರಕ್ಕೆ ಮಗುವಿನ ವಯಸ್ಸು ಸಾಲದಿದ್ದರೆ ಇಡೀ ಚಿತ್ರವನ್ನೇ ಮುಂದಕ್ಕೆ ಹಾಕುತ್ತೇನೆ, ಚೂರು ಚೂರಾಗಿ ಹಾರಿಸಿ ತೋರಿಸುವುದಿಲ್ಲ. ನೀವು ಒಬ್ಬರೇ ಮೊದಲು ನೋಡಿಕೊಂಡಿದ್ದರೆ ನಿರ್ಧಾರ ಸುಲಭ. ಈ ಚಿತ್ರವನ್ನು ನಾನು ಹತ್ತು ತುಂಬುವ ಮೊದಲು ತೋರಿಸಲಾರೆ.

ಇನ್ನು ಭಾಷೆಯ ಮಾತು. ಕನ್ನಡದಲ್ಲೇ ಯೋಚಿಸುವ ಮಗುವಿಗೆ ಇಂಗ್ಲಿಷ್ ಅಡಿಬರಹ ಓದುತ್ತ ದೈತ್ಯನನ್ನು ನೋಡುವುದು ಶಿಕ್ಷೆಯೇ ಸರಿ. ಮೂಕಚಿತ್ರಗಳ ಕಾಲದ ಜಪಾನಿನಲ್ಲಿ ತೆರೆಯ ಪಕ್ಕ ನಿಂತು ಕಥೆ ಹೇಳುವ ‘ಬೆನ್‌ಷಿ’ ಎಂಬ ಕಲಾವಿದರಿದ್ದರು, ಅವರ ಹೆಸರು ಕೇಳಿಯೇ ಜನ ಬರುತ್ತಿದ್ದರು. ಆ ಕೆಲಸವನ್ನು ನೀವು ಮಾಡಿ. ಪ್ರತಿ ಸಾಲನ್ನೂ ಅನುವಾದಿಸುವುದು ಬೇಡ. ಯಾರು, ಏತಕ್ಕೆ, ಎಲ್ಲಿಗೆ ಎಂಬುದನ್ನು ತಗ್ಗಿದ ದನಿಯಲ್ಲಿ ಹೇಳಿ, ದೈತ್ಯ ಬಂದ ಕೂಡಲೇ ಸುಮ್ಮನಾಗಿ. ಭಾಷೆಯ ಹೊರೆ ಇನ್ನೂ ಕಡಿಮೆಯಿರಲಿ ಎಂದಾದರೆ 1957ರ ‘ಮಾಯಾಬಜಾರ್’ ಇದೆ. ತೆಲುಗು, ತಮಿಳುಗಳಲ್ಲಿ ತಯಾರಾದ ಈ ಚಿತ್ರದ ಕಥೆ ನಮ್ಮ ಯಕ್ಷಗಾನದ ‘ಕನಕಾಂಗಿ ಕಲ್ಯಾಣ’ದ್ದೇ. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆಯೂಟದ ಭಕ್ಷ್ಯಗಳನ್ನು ಒಂದೊಂದಾಗಿ ನುಂಗುವ ದೃಶ್ಯಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ. ಮಾರ್ಕಸ್ ಬಾರ್ಟ್ಲೆಯವರ ಛಾಯಾಗ್ರಹಣದ ಬೆಳಕು ನೆರಳಿಗಾಗಿ ಕಪ್ಪು ಬಿಳುಪಿನ ಮೂಲ ಪ್ರತಿಯನ್ನೇ ಹುಡುಕಿ ತೋರಿಸಿ ಎಂದು ಕೇಳಿಕೊಳ್ಳುತ್ತೇನೆ. ರಕ್ಕಸನೊಬ್ಬ ಮನೆಯವರ ಪಕ್ಷ ನಿಂತು ಪ್ರೇಮಿಗಳನ್ನು ಸೇರಿಸುವ ಈ ಕಥೆಯನ್ನು ನಿಮ್ಮ ಎಂಟು ವರ್ಷದ ಮಗು ಇಂದೇ ನೋಡಬಹುದು.

1954ರ ಜಪಾನೀ ‘ಗಾಡ್ಜಿಲ್ಲಾ’ವನ್ನು ಮಾತ್ರ ದೊಡ್ಡ ಮಗುವಿಗೆ, ಅದೂ ಮೇಲಿನ ಚಿತ್ರಗಳೆಲ್ಲ ಆದ ಮೇಲೆ ಮೀಸಲಿಡಿ. ಈಚಿನ ಚಿತ್ರಗಳಲ್ಲಿ ಕುಸ್ತಿಯಾಡುವ ಗಾಡ್ಜಿಲ್ಲಾನನ್ನು ಬಲ್ಲ ಮಕ್ಕಳಿಗೆ ಇದು ಬೇರೆಯೇ ಲೋಕ. ಆ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ‘ಲಕ್ಕಿ ಡ್ರ್ಯಾಗನ್’ ಎಂಬ ಮೀನುಗಾರಿಕಾ ದೋಣಿಯ 23 ಮಂದಿಯ ಮೇಲೆ ಬಿತ್ತು, ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬರು ತೀರಿಕೊಂಡರು, ನವೆಂಬರಿನಲ್ಲಿ ಈ ಚಿತ್ರ ತೆರೆಕಂಡಿತು. ಇಶಿರೊ ಹೋಂಡಾ ನಿರ್ದೇಶಿಸಿದ ಇದರ ಮೊದಲ ದೃಶ್ಯದಲ್ಲೇ ದೋಣಿಯೊಂದು ಬೆಳಕಿಗೆ ಸಿಕ್ಕಿ ಉರಿಯುತ್ತದೆ. ಹಿರೋಷಿಮಾ ಎಂದರೇನು ಎಂಬುದನ್ನು ಅಷ್ಟು ಹೊತ್ತಿಗೆ ಮಗು ಸ್ವಲ್ಪವಾದರೂ ಕೇಳಿರಬೇಕು. ಆ ಭಾರದ ನಡುವೆ ಮಕ್ಕಳು ಆಸೆಯಿಂದ ಹಿಡಿದುಕೊಳ್ಳುವ ಒಂದು ಸಂಗತಿಯಿದೆ: ಗಾಡ್ಜಿಲ್ಲಾನ ಗರ್ಜನೆ ಯಾವ ಪ್ರಾಣಿಯದೂ ಅಲ್ಲ, ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದ ತಂತಿಗಳ ಮೇಲೆ ಚರ್ಮದ ಕೈಗವಸನ್ನು ಉಜ್ಜಿ ಹುಟ್ಟಿಸಿದ ಸದ್ದು.

ಇಷ್ಟಾದ ಮೇಲೆ ಮಕ್ಕಳು ತಾವೂ ಮಾಡಬೇಕೆನ್ನುತ್ತಾರೆ, ಅದಕ್ಕೆ ಈಗ ತಂದೆಯ ಯಂತ್ರಶಾಲೆ ಬೇಕಾಗಿಲ್ಲ. ಆಡುವ ಜೇಡಿಮಣ್ಣಿನ ಒಂದು ಗೊಂಬೆ, ಅಲುಗದಂತೆ ಕಟ್ಟಿ ನಿಲ್ಲಿಸಿದ ಮೊಬೈಲು, ಚಿತ್ರಗಳನ್ನು ಜೋಡಿಸುವ ಯಾವುದಾದರೂ ಉಚಿತ ಆ್ಯಪ್ ಇದ್ದರೆ ಸಾಕು. ಸೆಕೆಂಡಿಗೆ 24ರ ಬದಲು 12 ಚಿತ್ರ ತೆಗೆದರೂ ಗೊಂಬೆ ನಡೆಯುತ್ತದೆ. ಕಿಟಕಿಯ ಬಿಸಿಲಿನಲ್ಲಿ ತೆಗೆಯಬೇಡಿ, ಮೋಡ ಬಂದು ಹೋದಂತೆಲ್ಲ ಚಿತ್ರ ಮಿನುಗುತ್ತದೆ. ಪರದೆ ಎಳೆದು ಒಂದೇ ದೀಪ ಹಾಕಿ. ಗೊಂಬೆಯ ಪಾದ ಜಾರದಂತೆ ಕೆಳಗೆ ಸ್ವಲ್ಪ ಅಂಟು ಮಣ್ಣು ಇಡಲು ಮರೆಯಬೇಡಿ.