ಪಕ್ಕದ ಮನೆಯ ಸೌದೆ ಹೊಗೆ: ನನ್ನ ಸೆನ್ಸರ್ 180 ತೋರಿಸುತ್ತದೆ, ಸರ್ಕಾರಿ ಕೇಂದ್ರ 22 ಅನ್ನುತ್ತದೆ. ಯಾವುದನ್ನು ನಂಬಲಿ?

ಎರಡನ್ನೂ ನಂಬಬಹುದು, ಆದರೆ ಎರಡೂ ಒಂದೇ ವಿಷಯ ಹೇಳುತ್ತಿಲ್ಲ. ನಿಮ್ಮ ಪರ್ಪಲ್‌ಏರ್ ಕಂಪನಿಯ ಸೆನ್ಸರ್ ಹೇಳುವುದು ನಿಮ್ಮ ಅಂಗಳದಲ್ಲಿ ಈ ಕ್ಷಣ ಇರುವ ಗಾಳಿಯ ಬಗ್ಗೆ. ಆರು ಕಿಲೋಮೀಟರ್ ಆಚೆ ಇರುವ ಕೇಂದ್ರ ಹೇಳುವುದು ಅಲ್ಲಿನ ಗಾಳಿಯ 24 ಗಂಟೆಯ ಸರಾಸರಿ. ಗಾಳಿಯ ಗುಣಮಟ್ಟ ಅಳೆಯುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗಳಿಗೆ ಉಬ್ಬಸ ಇದೆ ಅಂತ ಬರೆದಿದ್ದೀರಿ. ಕೇಂದ್ರದ ಅಂಕಿ ನೋಡಿ ಸುಮ್ಮನಾಗಬೇಡಿ.

ಮೊದಲು ಒಂದು ಸಣ್ಣ ಲೆಕ್ಕ. ಸಂಜೆ ನಾಲ್ಕು ಗಂಟೆ ಕಾಲ ಪಿಎಂ 2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು) ಘನ ಮೀಟರಿಗೆ 150 ಮೈಕ್ರೊಗ್ರಾಂ ಇತ್ತು, ಉಳಿದ 20 ಗಂಟೆ 10 ಇತ್ತು ಅಂದುಕೊಳ್ಳಿ. ದಿನದ ಸರಾಸರಿ ಸುಮಾರು 33. ಅಮೆರಿಕದ 24 ಗಂಟೆಯ ಮಿತಿ 35, ಅಂದರೆ ಈ ದಿನ ಅಲ್ಲಿ ಪಾಸ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ 15, ಅದರ ಪ್ರಕಾರ ಎರಡು ಪಟ್ಟಿಗಿಂತ ಜಾಸ್ತಿ. ಎರಡರಲ್ಲೂ ಆ ನಾಲ್ಕು ಗಂಟೆ ಕಾಣುವುದೇ ಇಲ್ಲ. ಸೌದೆ ಹೊಗೆ ಬರುವುದೇ ಹಾಗೆ: ಕೆಲವೇ ಗಂಟೆ, ಕೆಲವೇ ಮನೆಗಳಿಗೆ, ಆದರೆ ದಟ್ಟವಾಗಿ. ಗಾಳಿ ನಿಂತ ತಣ್ಣನೆಯ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ಬೇಗ ತಣಿಯುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಕೂರುತ್ತದೆ. ಚಿಮಣಿಯಿಂದ ಬಂದ ಹೊಗೆ ಮೇಲೆ ಹೋಗಲಾರದೆ ಕೆಳಗೇ ಹರಡುತ್ತದೆ. ಎರಡು ಬೀದಿ ದಾಟಿದರೆ ಗಾಳಿ ಚೆನ್ನಾಗಿಯೇ ಇರಬಹುದು.

ಇನ್ನು ನಿಮ್ಮ 180. ಅದನ್ನು ಹಾಗೇ ತೆಗೆದುಕೊಳ್ಳಬೇಡಿ. ಈ ಸೆನ್ಸರ್ ಕಣಗಳನ್ನು ತೂಗುವುದಿಲ್ಲ. ಒಳಗೆ ಲೇಸರ್ ಇದೆ, ಸಣ್ಣ ಫ್ಯಾನ್ ಗಾಳಿಯನ್ನು ಅದರ ಮುಂದೆ ಹಾಯಿಸುತ್ತದೆ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ದೂಳು ಹೊಳೆಯುತ್ತದಲ್ಲ, ಆ ಹೊಳಪನ್ನು ನೋಡಿ ಸೆನ್ಸರ್ ತೂಕವನ್ನು ಅಂದಾಜು ಮಾಡುತ್ತದೆ. ಕಣದ ಗಾತ್ರ, ಬಣ್ಣ, ಅದು ಹೀರಿಕೊಂಡ ತೇವ, ಎಲ್ಲವೂ ಹೊಳಪನ್ನು ಬದಲಿಸುತ್ತವೆ. ಸೌದೆ ಹೊಗೆಯ ಕಣಗಳು ಹೆಚ್ಚಿನವು ಒಂದು ಮೈಕ್ರೊಮೀಟರಿಗಿಂತ ಚಿಕ್ಕವು. ಅಂಥ ಹೊಗೆಯಲ್ಲಿ ಈ ಸೆನ್ಸರ್‌ಗಳು ಸಾಮಾನ್ಯವಾಗಿ ನಿಜಕ್ಕಿಂತ ಜಾಸ್ತಿ ತೋರಿಸುತ್ತವೆ.

ಸರಿಪಡಿಸುವ ದಾರಿ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸರ್ಕಾರಿ ಯಂತ್ರಗಳ ಪಕ್ಕದಲ್ಲೇ ಪರ್ಪಲ್‌ಏರ್ ಸೆನ್ಸರ್‌ಗಳನ್ನಿಟ್ಟು ಹೋಲಿಸಿ ಒಂದು ಸೂತ್ರ ಕೊಟ್ಟಿದೆ. ಸೆನ್ಸರಿನ ಡೇಟಾದಲ್ಲಿ ಸಿಎಫ್1 ಅನ್ನುವ ಕಾಲಮ್ ಇರುತ್ತದೆ. ಆ ಅಂಕಿಯನ್ನು 0.524ರಿಂದ ಗುಣಿಸಿ, ಗಾಳಿಯ ತೇವದ ಶೇಕಡಾವಾರನ್ನು 0.0862ರಿಂದ ಗುಣಿಸಿ ಅದರಲ್ಲಿ ಕಳೆಯಿರಿ, ಕೊನೆಗೆ 5.75 ಕೂಡಿಸಿ. ನಿಮ್ಮ 180 ಆ ಕಾಲಮಿನದ್ದೇ ಆಗಿದ್ದು ತೇವ ಶೇ. 70 ಇದ್ದರೆ ಉತ್ತರ ಸುಮಾರು 94 ಬರುತ್ತದೆ. ಅರ್ಧಕ್ಕೆ ಇಳಿಯಿತು, ಆದರೂ ಉಬ್ಬಸ ಇರುವ ಮಗುವಿಗೆ 94 ಕೆಟ್ಟ ಗಾಳಿಯೇ. ಬೇರೆ ಕಂಪನಿಯ ಸೆನ್ಸರಿಗೆ ಈ ಸೂತ್ರ ಹಾಕಬೇಡಿ. ತುಂಬಾ ದಟ್ಟ ಹೊಗೆಗೆ ಲೆಕ್ಕ ಬೇರೆ. ಮಂಜು ಕವಿದ ಹೊತ್ತಿನ ಅಂಕಿಗಳನ್ನು ಪಕ್ಕಕ್ಕಿಡಿ, ನೀರಿನ ಹನಿಗಳನ್ನೂ ಅದು ಕಣ ಅಂತಲೇ ಎಣಿಸುತ್ತದೆ.

ಸರ್ಕಾರಿ ಯಂತ್ರಗಳೂ ಎಲ್ಲ ಒಂದೇ ಥರ ಅಲ್ಲ. ಮೂಲ ವಿಧಾನ ಫಿಲ್ಟರಿನದು: ನಿಮಿಷಕ್ಕೆ 16.67 ಲೀಟರ್ ಗಾಳಿಯನ್ನು 24 ಗಂಟೆ ಫಿಲ್ಟರ್ ಮೂಲಕ ಎಳೆದು, ಅದಕ್ಕೆ ಮೊದಲೂ ಆಮೇಲೂ ಫಿಲ್ಟರಿನ ತೂಕ ನೋಡುತ್ತಾರೆ. ಕೆಲವು ಹಳೆಯ ಯಂತ್ರಗಳು ತೇವ ತೆಗೆಯಲು ಗಾಳಿಯನ್ನು 50 ಡಿಗ್ರಿಗೆ ಬಿಸಿ ಮಾಡುತ್ತವೆ. ಸೌದೆ ಹೊಗೆಯ ಕಣದಲ್ಲಿ ಬಿಸಿಗೆ ಆವಿಯಾಗುವ ಅಂಶ ತುಂಬಾ ಇರುತ್ತದೆ, ಅದರಲ್ಲಿ ಒಂದು ಪಾಲು ತೂಕಕ್ಕೆ ಸಿಗುವ ಮೊದಲೇ ಹಾರಿಹೋಗುತ್ತದೆ. ಹೊಗೆ ಅಳೆಯಬೇಕಾದ ಕಡೆಯೇ ಅಂಕಿ ಕಡಿಮೆ ಬರುವುದು ನನಗೆ ಯಾವತ್ತೂ ಬೇಸರದ ಸಂಗತಿ.

ಸೆನ್ಸರನ್ನು ಮೂಗಿನ ಎತ್ತರದಲ್ಲೋ ಸ್ವಲ್ಪ ಮೇಲೋ ಇಡಿ. ಗಾಳಿ ಆಡುವ ಜಾಗ ಬೇಕು. ಮಳೆ, ನೇರ ಬಿಸಿಲು ಬೇಡ, ನಿಮ್ಮದೇ ಅಡುಗೆಮನೆ ಕಿಟಕಿಯ ಪಕ್ಕವಂತೂ ಬೇಡವೇ ಬೇಡ. ಆಗಾಗ ಜೇಡರ ಬಲೆ ತೆಗೆಯಿರಿ. ಇದರೊಳಗೆ ಎರಡು ಲೇಸರ್‌ಗಳಿವೆ. ಎರಡರ ಅಂಕಿ ತೀರಾ ಬೇರೆಯಾದರೆ ಒಂದು ಕೆಟ್ಟಿದೆ ಅಂತ ಅರ್ಥ.

ಇದು ಸೌದೆ ಹೊಗೆಯೇ, ವಾಹನದ್ದಲ್ಲ ಅಂತ ತೋರಿಸುವುದು ಹೇಗೆ ಅಂತಲೂ ಕೇಳಿದ್ದೀರಿ. ಸೆನ್ಸರ್ ಒಂದರಿಂದ ಅದು ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಫಿಲ್ಟರಿನಲ್ಲಿ ಲೆವೊಗ್ಲೂಕೊಸಾನ್ ಹುಡುಕುತ್ತಾರೆ. ಮರದಲ್ಲಿರುವ ಸೆಲ್ಯುಲೋಸ್ ಉರಿದಾಗ ಹುಟ್ಟುವ ವಸ್ತು ಅದು, ಡೀಸೆಲ್ ಹೊಗೆಯಲ್ಲಿ ಬರುವುದಿಲ್ಲ. ಕಾರ್ಬನ್-14 (ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುವ ಇಂಗಾಲದ ಒಂದು ರೂಪ) ನೋಡಿಯೂ ಹೇಳಬಹುದು: ಮರದ ಇಂಗಾಲದಲ್ಲಿ ಅದು ಇರುತ್ತದೆ, ಪೆಟ್ರೋಲ್ ಡೀಸೆಲ್‌ನಲ್ಲಿ ಎಂದೋ ಮುಗಿದುಹೋಗಿರುತ್ತದೆ. ಏಥಲೋಮೀಟರ್ ಅನ್ನುವ ಯಂತ್ರ ಕಣಗಳು 370 ಮತ್ತು 880 ನ್ಯಾನೊಮೀಟರ್ ಬೆಳಕನ್ನು ಎಷ್ಟು ಹೀರುತ್ತವೆ ಅಂತ ಹೋಲಿಸುತ್ತದೆ. ಸೌದೆ ಹೊಗೆ 370ರಲ್ಲಿ ಎದ್ದು ಕಾಣುವಷ್ಟು ಹೆಚ್ಚು ಹೀರುತ್ತದೆ. ಇವು ಮನೆಯಲ್ಲಿ ಮಾಡುವಂಥವಲ್ಲ, ನಿಜ. ನೀವು ಮಾಡಬಹುದಾದದ್ದು ಒಂದು ನೋಟ್‌ಬುಕ್ ಇಡುವುದು: ವಾಸನೆ ಬಂದ ಹೊತ್ತು, ಚಿಮಣಿಯಲ್ಲಿ ಹೊಗೆ ಕಂಡ ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು. ಅದನ್ನು ಗಂಟೆವಾರು ಗ್ರಾಫಿನ ಜೊತೆ ಇಡಿ. ವಾಹನಗಳ ಗದ್ದಲ ಇಳಿದ ಮೇಲೆ ಏರಿಕೆ, ಆ ಚಿಮಣಿಯ ಕಡೆಯಿಂದ ಗಾಳಿ ಬಂದಾಗ ಮಾತ್ರ ಏರಿಕೆ ಅಂತ ಮತ್ತೆ ಮತ್ತೆ ಕಂಡರೆ ಅದು ಗಟ್ಟಿ ಸಾಕ್ಷಿ. ಪಕ್ಕದವರಿಗೂ, ಅಧಿಕಾರಿಗಳಿಗೂ ದಿನದ ಸರಾಸರಿ ಬಿಟ್ಟು ಇದನ್ನೇ ತೋರಿಸಿ. ಒಣಗಿದ ಸೌದೆ ಉರಿಸಿದರೆ ಹೊಗೆ ಕಡಿಮೆ ಅಂತಲೂ ಪಕ್ಕದವರಿಗೆ ಹೇಳಿ. ಸೌದೆಯ ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು.

ಅಷ್ಟರಲ್ಲಿ ಕೆಲವು ರಾತ್ರಿ ಸೆನ್ಸರನ್ನು ಮಗಳು ಮಲಗುವ ಕೋಣೆಯಲ್ಲಿ ಇಟ್ಟು ನೋಡಿ. ಕಿಟಕಿ ಮುಚ್ಚಿದಾಗ ಎಷ್ಟು ಇಳಿಯುತ್ತದೆ, ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಹಾಕಿದರೆ ಇನ್ನೆಷ್ಟು ಇಳಿಯುತ್ತದೆ ಅಂತ ಆಗ ಗೊತ್ತಾಗುತ್ತದೆ. ಇಂಥ ಹೋಲಿಕೆಗೆ ಈ ಸೆನ್ಸರ್ ಧಾರಾಳವಾಗಿ ಸಾಕು.